ಕಾಲರಿನೊಳಗಿನ ಕೆಂಪು ದಾರ

"ಇದು ನಾನು ಹೊಲಿದ ಕೋಟು," ಎಂದರು ಅತ್ತೆ.

ಕನ್ನಡಕದಂಗಡಿಯವನು ತಲೆಯೆತ್ತಲಿಲ್ಲ. ಅಂಗಡಿಗೆ ರಜೆಯಿದ್ದ ದಿನ ಅವನು ಊಟದ ಮೇಜಿನ ತುಂಬ ಹಳೆಯ ಆಟಿಕೆ ಸಿಪಾಯಿಗಳನ್ನು ಹರಡಿಕೊಂಡು ಕೂತನೆಂದರೆ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕು. ಅಡಿಯೆತ್ತರದ ಸಿಪಾಯಿಗಳು, ಮೊಣಕೈ ಮೊಣಕಾಲು ಮಡಚುವಂಥವು. ಐವತ್ತು ವರ್ಷದ ಹಿಂದೆ ಅದೇ ಊರಿನ ಕಾರ್ಖಾನೆಯೊಂದು ಅವನ್ನು ತಯಾರಿಸಿ, ನಾಲ್ಕೈದು ವರ್ಷಕ್ಕೇ ಬಾಗಿಲು ಹಾಕಿಕೊಂಡಿತ್ತು. ಉಗುರಿನಷ್ಟಿರುವ ನೀರಿನ ಬಾಟಲಿ ಯಾವ ಸಿಪಾಯಿಯದು, ಬೂಟಿನ ಅಡಿಯಲ್ಲಿ ಗೆರೆ ಎಷ್ಟು, ಹೆಲ್ಮೆಟ್ಟಿನ ಒಳಗಿರುವ ಅಂಕೆ ಯಾವುದು ಎಂದು ಕೇಳಿದರೆ ಅವನು ನಿದ್ದೆಗಣ್ಣಿನಲ್ಲೂ ಹೇಳುವನು. ಹೆಂಡತಿ ಹುಟ್ಟಿದ ತಾರೀಖು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಬೇಕು.

"ಅತ್ತೆ, ಅದು ಕಾರ್ಖಾನೆಯದ್ದಲ್ಲ, ನಕಲಿ. ಯಾರೋ ಮನೇಲಿ ಹೊಲಿದಿದ್ದು."

"ಅದನ್ನೇ ನಾನೂ ಹೇಳ್ತಿರೋದು. ಮನೇಲೇ ಹೊಲಿದಿದ್ದು. ನಾನು."

ಈಗ ಅವನು ತಲೆಯೆತ್ತಿದ. ಮೇಜು ಒರೆಸಲು ಬಂದಿದ್ದ ಅತ್ತೆ, ಅವನು ಬೇಡವೆಂದು ಪಕ್ಕಕ್ಕೆಸೆದಿದ್ದ ಕಾವಲು ಸಿಪಾಯಿಯ ಕೋಟನ್ನು ಕೈಗೆತ್ತಿಕೊಂಡಿದ್ದರು. ಅದನ್ನವರು ನೋಡುತ್ತಿರಲಿಲ್ಲ, ಹೆಬ್ಬೆರಳಿನಲ್ಲಿ ಅಂಚನ್ನು ಸವರುತ್ತಿದ್ದರು. ಹನ್ನೊಂದು ವರ್ಷದಿಂದ ಅವರು ಮಗಳ ಮನೆಯಲ್ಲೇ ಇದ್ದರೂ, ಅತ್ತೆ ಅಳಿಯ ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ಜಗಳವೇನಲ್ಲ, ಇಬ್ಬರಿಗೂ ಸಂಕೋಚ. ವರ್ಷಕ್ಕೊಮ್ಮೆ ಅವನು ಅವರ ಕಣ್ಣು ಪರೀಕ್ಷಿಸಿ ಹೊಸ ಗಾಜು ಹಾಕಿಕೊಡುವನು. ಅವರು "ಚೆನ್ನಾಗಿ ಕಾಣತ್ತೆ" ಎನ್ನುವರು. ಅಲ್ಲಿಗೆ ಮುಗಿಯಿತು.

ಅಂದು ಮಾತ್ರ ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಕೋಟಿನ ಮೈ ಕಾರ್ಖಾನೇಲಿ ಮೆಷಿನ್‌ನಲ್ಲಿ ಆಗ್ತಿತ್ತು. ಕಾಲರು, ಅಂಚು, ಗುಂಡಿ, ಇಷ್ಟು ಕೈಕೆಲಸ ಮನೆಗಳಿಗೆ ಬರೋದು, ಮೂಟೆ ಕಟ್ಟಿ. ನಿಮ್ಮ ಹೆಂಡ್ತಿ ಆಗ ಕೈಗೂಸು. ಕೋಟಿನ ರಾಶಿ ಮೇಲೇ ಮಲಗಿಸಿ ಹೊಲೀತಿದ್ದೆ. ನಂದು ಎಡಗೈ ನೋಡಿ, ಹೊಲಿಗೆ ಆ ಕಡೆ ವಾಲೋದು. ಮೇಲ್ವಿಚಾರಣೆಯವಳು ಎಡಚಿ ಎಡಚಿ ಅಂತ ಗೊಣಗೋಳು, ಆದ್ರೆ ಒಂದು ಕೋಟನ್ನೂ ವಾಪಸ್ ಕಳಿಸಿದ್ದಿಲ್ಲ."

"ಅತ್ತೆ, ಎಡಕ್ಕೆ ವಾಲಿದ ಹೊಲಿಗೆ ಬೇರೆಯವರದ್ದೂ ಇರಬಹುದಲ್ಲ."

"ಇರಬಹುದು. ಆದ್ರೆ ಪಕ್ಕದ ಮನೆಯವಳ ಮೂಟೆ, ನನ್ನ ಮೂಟೆ ಒಟ್ಟಿಗೇ ಹೋಗ್ತಿತ್ತು. ಅವಳ ಗುಂಡಿ ಉದುರೋದು, ಬೈಗುಳ ನನಗೆ. ಅದಕ್ಕೇ ನಾನು ಹೊಲಿದಿದ್ದಕ್ಕೆಲ್ಲ ಕಾಲರ್ ಒಳಗೆ ಕಾಣದ ಹಾಗೆ ಒಂದು ಕೆಂಪು ದಾರ ಹಾಕ್ತಿದ್ದೆ. ಬೇಕಾದ್ರೆ ಬಿಚ್ಚಿ ನೋಡಿ."

ಬಿಚ್ಚುವ ಅಗತ್ಯವೇ ಇರಲಿಲ್ಲ. ಅಂಥ ಆರು ಕೋಟುಗಳನ್ನು ಅವನು ಆಗಲೇ ಬಿಚ್ಚಿದ್ದ. ಆರರಲ್ಲೂ ಕೆಂಪು ದಾರ ಕಂಡಿತ್ತು. ಕಂಡದ್ದನ್ನು ಸುಮ್ಮನೆ ಬಿಡುವ ಮನುಷ್ಯನೇ ಅವನು? ಸಿಪಾಯಿ ಸಂಗ್ರಹಿಸುವವರ ಸಂಘಕ್ಕೆ ಮೂರು ವರ್ಷದ ಹಿಂದೆ ತಾನೇ ಬರೆದುಕೊಟ್ಟ ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿ ಅದಕ್ಕೊಂದು ತೀರ್ಪನ್ನೂ ಬರೆದಿದ್ದ. ಎಡಕ್ಕೆ ವಾಲಿದ ಹೊಲಿಗೆಯ ಕೋಟುಗಳೆಲ್ಲ ನಕಲಿ. ಸಂಘದ ಮೂವತ್ತು ಜನರೂ ಆ ಮಾತನ್ನು ಕಣ್ಣಿಗೊತ್ತಿಕೊಂಡು ನಂಬಿದ್ದರು.

ಕೈಪಿಡಿ ಮೇಜಿನ ಮೇಲೇ ಇತ್ತು. ಅತ್ತೆ ಅದರತ್ತ ಕೈ ತೋರಿಸಿದರು. "ನೀವು ಬರೆದ ಪುಸ್ತಕ ಅಲ್ವಾ? ನಮ್ಮ ಕೋಟಿನ ವಿಷಯ ಇದೆಯಾ ಅದರಲ್ಲಿ?"

"ಇದೆ."

"ಓದಿ. ನನಗೆ ಅಷ್ಟು ಸಣ್ಣಕ್ಷರ ಕಾಣಲ್ಲ."

ಅವನು ಪುಟ ತೆರೆದ. "ಈ ಕೋಟುಗಳ ಕೈಹೊಲಿಗೆ ಬಹಳ ಅಚ್ಚುಕಟ್ಟು," ಎಂದು ಇಲ್ಲದ ಸಾಲನ್ನು ಓದಿದ. "ಹೊಲಿದವರು ಯಾರೋ ತಿಳಿಯದು. ಪಳಗಿದ ಕೈ ಎಂಬುದರಲ್ಲಿ ಸಂಶಯವಿಲ್ಲ."

ಅತ್ತೆ ಎದ್ದರು. ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿದರು. ಆಮೇಲೆ ಅಡುಗೆಮನೆಯಿಂದ ಅವರು ಏನನ್ನೋ ಗುನುಗುವುದು ಕೇಳಿಸಿತು. ಹನ್ನೊಂದು ವರ್ಷದಲ್ಲಿ ಅವನು ಕೇಳಿರದ ದನಿ.

ಸುಳ್ಳಿಗೆ ಕಾಲಿಲ್ಲದಿದ್ದರೂ ಅತ್ತೆಗೆ ಕಾಲಿತ್ತು. ಸಂಜೆಯೊಳಗೆ ಎದುರು ಮನೆ, ಹಾಲಿನ ಅಂಗಡಿ, ಇಸ್ತ್ರಿಯವನ ಗೂಡು, ಎಲ್ಲ ಕಡೆಗೂ ಸುದ್ದಿ ಮುಟ್ಟಿತು. ಅಳಿಯಂದಿರ ಪುಸ್ತಕದಲ್ಲಿ ತಮ್ಮ ಹೊಲಿಗೆಯನ್ನು ಹೊಗಳಿ ಬರೆದಿದೆಯಂತೆ. ಹೆಂಡತಿ ಕೆಲಸದಿಂದ ಬರುವ ದಾರಿಯಲ್ಲೇ ಮೂರು ಜನರ ಬಾಯಲ್ಲಿ ಅದನ್ನು ಕೇಳಿಸಿಕೊಂಡು, ಮನೆಗೆ ಬಂದು ನೇರ ಆ ಪುಟ ತೆರೆದಳು.

"ರೀ, ಏನಿದು?"

"ಮೂರು ವರ್ಷದ ಹಿಂದೆ ಬರೆದಿದ್ದು. ಗೊತ್ತಿರಲಿಲ್ಲ ಕಣೇ."

"ಅದು ಬಿಡಿ. ಇವತ್ತು ಗೊತ್ತಿದ್ದೇ ಇಲ್ಲದ್ದನ್ನ ಓದಿದ್ರಲ್ಲ, ಅದಕ್ಕೇನು ಹೇಳ್ತೀರಿ? ಭಾನುವಾರ ನಿಮ್ಮ ಸಂಘಕ್ಕೆ ಅಮ್ಮನೂ ಬರ್ತಾರಂತೆ. ಆ ಪುಟ ಎಲ್ಲರೆದುರಿಗೆ ಓದೋದನ್ನ ಕೇಳ್ಬೇಕಂತೆ. ಶಾಲು ಒಗೆದು ಹಾಕಿದ್ದಾರೆ."

ಕೈಪಿಡಿಯ ಎರಡನೆಯ ಮುದ್ರಣಕ್ಕೆಂದು ಆ ಭಾನುವಾರ ಸಂಘದವರು ಒಬ್ಬೊಬ್ಬರೂ ಒಂದೊಂದು ಪುಟ ಓದಿ ಒಪ್ಪಿಗೆ ಹಾಕುವುದಿತ್ತು. "ಅಷ್ಟರೊಳಗೆ ಪುಟ ಬದಲಾಯಿಸಿಬಿಡ್ತೀನಿ. ಅತ್ತೆಗೆ ಗೊತ್ತೇ ಆಗಲ್ಲ."

"ನಿಮಗೆ ಗೊತ್ತಿರತ್ತಲ್ಲ," ಎಂದಳು ಹೆಂಡತಿ. "ನಾನಂತೂ ಬಾಯಿ ಬಿಡಲ್ಲ. ನೀವೇ ಹೇಳ್ಬೇಕು." ಆ ರಾತ್ರಿ ಮೇಜು ಪೂರ್ತಿ ಖಾಲಿಯಿದ್ದರೂ ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡಳು.

ಹೇಳಬೇಕೆಂದು ಅವನು ನಾಲ್ಕು ದಿನ ಅತ್ತೆಯ ಹಿಂದೆ ಮುಂದೆ ಸುಳಿದಾಡಿದ. ಒಮ್ಮೆ ಅಡುಗೆಮನೆಯವರೆಗೆ ಹೋಗಿ ನೀರು ಕುಡಿದು ಬಂದ. ಇನ್ನೊಮ್ಮೆ "ಅತ್ತೆ" ಎಂದು ಶುರುಮಾಡಿ, ಅವರು ನಗುತ್ತ ತಿರುಗಿದ್ದನ್ನು ಕಂಡು, "ಕನ್ನಡಕ ಸರಿಯಾಗಿ ಕೂತಿದೆಯಾ" ಎಂದು ಕೇಳಿದ. ಪಾಪ, ಅವರು ಮೂರು ಸಲ ತೆಗೆದು ಹಾಕಿ ತೋರಿಸಿದರು.

ಭಾನುವಾರ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅತ್ತೆ ಮುಂದಿನ ಕುರ್ಚಿಯಲ್ಲೇ ಕೂತರು. ಮೂವತ್ತೊಂಬತ್ತನೆಯ ಪುಟ ಮುಗಿಯಿತು, ನಲವತ್ತೂ ಆಯಿತು. ನಲವತ್ತೊಂದು ಹಲ್ಲಿನ ಡಾಕ್ಟರ ಪಾಲಿಗೆ ಬಂತು. ಎಡ ಹೊಲಿಗೆಯ ಕೋಟೊಂದು ಆ ಡಾಕ್ಟರ ಬಳಿಯೂ ಇತ್ತು. ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಕನ್ನಡಕದಂಗಡಿಯವನು ಅದನ್ನು ಭೂತಗನ್ನಡಿಯ ಕೆಳಗಿಟ್ಟು, ನಕಲಿಯೆಂದು ಎಲ್ಲರಿಗೂ ತೋರಿಸಿದ್ದ. ಊರವರ ಬಾಯಿ ತೆರೆಸುವ ಡಾಕ್ಟರು ಅಂದಿನಿಂದ ಸಂಘದಲ್ಲಿ ತಮ್ಮ ಬಾಯಿ ತೆರೆದಿರಲಿಲ್ಲ.

ಹೊಸದಾಗಿ ಬರೆದ ಪುಟ ಅವನ ಜೇಬಿನಲ್ಲಿತ್ತು. ಅದನ್ನು ಡಾಕ್ಟರ ಕೈಗಿಟ್ಟರೆ ಸಾಕಿತ್ತು, ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಅತ್ತೆ ತಲೆಯನ್ನು ಒಂದು ಬದಿಗೆ ವಾಲಿಸಿ, ಕಿವಿ ಕೊಟ್ಟು ಕೂತಿದ್ದರು.

"ಅದನ್ನ ನಾನೇ ಓದ್ತೀನಿ ಡಾಕ್ಟ್ರೇ," ಎಂದು ಅವನು ಎದ್ದು ನಿಂತ. ತೆರೆದದ್ದು ಹಳೆಯ ಪುಸ್ತಕವನ್ನೇ.

"'ಕೈಹೊಲಿಗೆ ಎಡಕ್ಕೆ ವಾಲಿದ್ದರೆ ಆ ಕೋಟು ನಕಲಿ. ಕಾಲರಿನೊಳಗೆ ಕೈಗೆ ಸಿಕ್ಕ ಕೆಂಪು ದಾರ ಬಳಸಿರುವುದು ಕೆಲಸ ಬಾರದವರ ಲಕ್ಷಣ. ಗುಂಡಿಗಳನ್ನು ಬಿಚ್ಚಿಕೊಂಡು ಉಳಿದದ್ದನ್ನು ಎಸೆಯಬಹುದು.' ಇದನ್ನ ಬರೆದವನು ನಾನು. ಅಷ್ಟೂ ತಪ್ಪು. ಆ ಕೋಟುಗಳನ್ನ ಕಾರ್ಖಾನೆಗೆ ಹೊಲಿದುಕೊಟ್ಟವರು ನಮ್ಮತ್ತೆ. ಇಲ್ಲೇ ಕೂತಿದ್ದಾರೆ. ಮೊನ್ನೆ ಅವರು ಓದಿ ಅಂದಾಗ ಬೇರೆ ಏನೋ ಓದಿ ಸುಳ್ಳು ಹೇಳಿದೆ. ನಾಚಿಕೆಯಾಯ್ತು, ಅದಕ್ಕೆ."

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅತ್ತೆಯ ಮುಖದ ಮೇಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಯಿತು.

"ಎಷ್ಟು ಬಿಚ್ಚಿದ್ರಿ?" ಎಂದು ಕೇಳಿದರು.

"ಆರು."

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಎದ್ದರು. ತಮ್ಮ ಚೀಲದ ತಳದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೋಟನ್ನು ತೆಗೆದು ಅತ್ತೆಯ ಮಡಿಲಲ್ಲಿಟ್ಟರು. "ಎಸೆಯೋಕೆ ಮನಸ್ಸು ಬರಲಿಲ್ಲಮ್ಮ," ಎಂದರು. ಅತ್ತೆ ಅಂಚು ಸವರಿ, ಕಾಲರನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ನಂದೇ," ಎಂದರು. ಉಳಿದವರೂ ತಮ್ಮ ತಮ್ಮ ಸಿಪಾಯಿಗಳನ್ನು ಹಿಡಿದುಕೊಂಡು ಸಾಲಾಗಿ ನಿಂತರು. ಕೈಪಿಡಿಯ ಮುಖಪುಟದಲ್ಲಿ ಅಸಲಿಯ ಮಾದರಿಯೆಂದು ಅಚ್ಚಾಗಿದ್ದ ಕೋಟು ಕನ್ನಡಕದಂಗಡಿಯವನದೇ. ಅದರ ಗುಂಡಿಯನ್ನು ಅತ್ತೆ ಬೆರಳಲ್ಲಿ ಅಲುಗಿಸಿದರು. "ಇದು ಪಕ್ಕದ ಮನೆಯವಳದ್ದು. ಅವಸರದವಳು. ಜೋಪಾನ, ಉದುರತ್ತೆ."

ಮನೆಯವರೆಗೂ ಅವರು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮಧ್ಯಾಹ್ನ ಅವನು ಗುಂಡಿ ತುಂಬಿದ ಸೀಸೆ, ಬಿಚ್ಚಿದ ಕೋಟುಗಳ ತುಂಡುಗಳಿದ್ದ ಬೂಟಿನ ಡಬ್ಬಿ, ಎರಡನ್ನೂ ತಂದು ಅತ್ತೆಯ ಮುಂದಿಟ್ಟ. ಎಸೆಯಬಹುದು ಎಂದು ಬರೆದವನು ತಾನು ಮಾತ್ರ ಏನನ್ನೂ ಎಸೆದಿರಲಿಲ್ಲ.

"ಕೆಲಸ ಬಾರದವಳು ಅಂತ ಬರೆದ್ರಲ್ಲ," ಎಂದರು ಅತ್ತೆ. "ಬೇರೆ ಏನು ಬರೆದಿದ್ರೂ ಸಹಿಸ್ಕೋತಿದ್ದೆ."

"ತಪ್ಪಾಯ್ತು ಅತ್ತೆ. ಅಳಿಸ್ತೀನಿ. ಅಲ್ಲಿ ನಿಮ್ಮ ಹೆಸರು ಬರೀತೀನಿ."

"ನನ್ನ ಹೆಸರು ಗೊತ್ತಾ ನಿಮಗೆ?"

"ವರ್ಷಾ ವರ್ಷ ಕನ್ನಡಕದ ಚೀಟೀಲಿ ಬರೆಯೋನು ನಾನೇ ಅಲ್ವಾ?"

ಅತ್ತೆ ಸೀಸೆಯನ್ನು ಮೇಜಿನ ಮೇಲೆ ಸುರಿದರು. ಡಬ್ಬಿಯೊಳಗಿನ ತುಂಡುಗಳನ್ನು ತಡವುತ್ತ ಒಂದು ಬೆನ್ನಿನ ಭಾಗಕ್ಕೆ ಅದರ ಎರಡು ತೋಳುಗಳನ್ನು ಹುಡುಕಿ ಜೋಡಿಸಿದರು. ಆಮೇಲೆ, "ಸೂಜಿ ಪೋಣಿಸಿ ಕೊಡಿ. ನನ್ನ ಕಣ್ಣಿಗೆ ಆಗಲ್ಲ. ಕೆಂಪು ದಾರ ಇರಲಿ," ಎಂದರು.

ಊರಿಗೆಲ್ಲ ಕಣ್ಣು ಸರಿಮಾಡುವವನು ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ದಾರದ ತುದಿಯನ್ನು ಎರಡು ಸಲ ತುಟಿಯಲ್ಲಿ ಒದ್ದೆ ಮಾಡಿ, ಮೂರನೆಯ ಸಲಕ್ಕೆ ಪೋಣಿಸಿದ. ರೂಢಿಯಂತೆ ಅದನ್ನು ಅವರ ಬಲಗೈಯತ್ತ ಚಾಚಿದ. ಆ ಕೈ ಬಟ್ಟೆಯನ್ನು ಹಿಡಿದುಕೊಂಡಿತ್ತು. ಅವನು ಸೂಜಿಯನ್ನು ಈಚೆಗೆ ತಂದು, ಕಾಯುತ್ತಿದ್ದ ಎಡಗೈಯಲ್ಲಿಟ್ಟ.