ಬಿಚ್ಚಿ ಹೊಲಿಯಲಾಗದ ಸಿಮ್

ಮಗಳಿಗೆ ಒಂಬತ್ತು ವರ್ಷವಿದ್ದಾಗ ನಾನೊಂದು ಮಾತು ಕೊಟ್ಟಿದ್ದೆ. ಅವಳು ಫೋನ್ ಮಾಡಿದರೆ ನಾನೇ ಎತ್ತುತ್ತೇನೆ. ಎಷ್ಟು ಹೊತ್ತು ಸುಮ್ಮನಿದ್ದರೂ ಅವಳಿಗಿಂತ ಮೊದಲು ನಾನು ಕಟ್ ಮಾಡುವುದಿಲ್ಲ.

ಅವಳಿಗೆ ಉಗ್ಗು. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದೊಂದು ಹೊರಗೆ ಬಂದರೆ ಮಿಕ್ಕವು ಅದರ ಹಿಂದೆಯೇ ಬರುತ್ತವೆ. ಆ ವರ್ಷ ಒಂದು ದಿನ ಶಾಲೆಯಲ್ಲಿ ಜ್ವರ ಬಂದು, ಅಲ್ಲಿಂದ ನನ್ನ ಹೊಲಿಗೆ ಅಂಗಡಿಗೆ ಫೋನ್ ಮಾಡಿದ್ದಳು. ನಾನು ಗಿರಾಕಿಯೊಬ್ಬರ ಅಳತೆ ತೆಗೆಯುತ್ತಿದ್ದೆ. ಎತ್ತಿದ್ದು ಕಟಿಂಗ್ ಮಾಸ್ತರು. "ಹಲೋ, ಯಾರು? ಮಾತಾಡ್ರೀ, ಬಾಯಲ್ಲಿ ಏನು ಇಟ್ಕೊಂಡಿದೀರಾ?" ಎಂದು ಗದರಿ ಇಟ್ಟುಬಿಟ್ಟರು. ಮೂರು ಸಲ ಹೀಗೇ ಆಯಿತು. ಸಂಜೆ ನಾನು ಹೋದಾಗ ಅವಳು ಶಾಲೆಯ ಮೆಟ್ಟಿಲ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ಮೈ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಮಾತು ಕೊಟ್ಟದ್ದು ಅದೇ ಮೆಟ್ಟಿಲ ಮೇಲೆ.

ಹದಿನೈದು ವರ್ಷ ಆ ಮಾತು ನಡೆಯಿತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಫೋನ್ ಎತ್ತಿದ್ದೇನೆ, ಮದುಮಗಳನ್ನು ಒಂದೇ ತೋಳು ಹೊಲಿದ ರವಿಕೆಯಲ್ಲಿ ನಿಲ್ಲಿಸಿ ಎತ್ತಿದ್ದೇನೆ. ಹೊಸಬರ ಮುಂದೆ ಬಾಯಿ ತೆರೆಯಬೇಕಾದಾಗಲೆಲ್ಲ ಮಗಳು ಮೊದಲು ನನಗೆ ಫೋನ್ ಮಾಡುತ್ತಾಳೆ. ಒಂದು ನಿಮಿಷ, ಎರಡು ನಿಮಿಷ ಏನೂ ಇರುವುದಿಲ್ಲ, ಉಸಿರು ಮಾತ್ರ. ಆಮೇಲೆ ಒಂದು ವಾಕ್ಯ. "ಅಮ್ಮ, ಇವತ್ತು ಬಸ್ಸಲ್ಲಿ ಕೂರೋಕೆ ಜಾಗ ಸಿಕ್ತು." ನಾನು "ಹೂಂ" ಎನ್ನುತ್ತೇನೆ. ಅವಳು ಕಟ್ ಮಾಡಿ ಒಳಗೆ ಹೋಗುತ್ತಾಳೆ. ಮೊದಲ ಮಾತು ನನ್ನ ಹತ್ತಿರ ಆಡಿದರೆ ಎರಡನೆಯದು ಬೇರೆಯವರ ಮುಂದೆ ಬರುತ್ತದೆ ಎಂಬುದು ಅವಳ ಲೆಕ್ಕ.

ಈ ವರ್ಷ ನನಗೊಂದು ದೊಡ್ಡ ಕೆಲಸ ಬಂತು. ಪಕ್ಕದ ದೇಶದ ಮಹಾನಗರದಲ್ಲಿ ಒಂದು ವಸ್ತುಸಂಗ್ರಹಾಲಯ, ಅದರ ಕಾವಲುಗಾರರಿಗೆ ಮೂವತ್ತೆರಡು ಕೋಟು. ಕಚ್ಚಾ ಹೊಲಿಗೆ ಹಾಕಿದ ಕೋಟುಗಳನ್ನು ಕೊಂಡೊಯ್ದು, ಅವರವರ ಮೈಮೇಲೆ ತೊಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ತರಬೇಕು. ಮೂರು ದಿನದ ಕೆಲಸ. ಎರಡನೆಯ ದಿನವೇ ಮಗಳ ಸಂದರ್ಶನ ಬಿತ್ತು. ಗಣಿತ ಹೇಳಿಕೊಡುವ ಕೆಲಸ, ಹನ್ನೊಂದು ಗಂಟೆಗೆ. ಅದಕ್ಕೂ ಮೊದಲು ಎರಡು ಶಾಲೆಗಳಲ್ಲಿ, ಅವಳು ತನ್ನ ಹೆಸರು ಹೇಳಿ ಮುಗಿಸುವ ಮುಂಚೆಯೇ "ಆಯ್ತು, ತಿಳಿಸ್ತೀವಿ" ಎಂದು ಕಳಿಸಿದ್ದರು. ಮೂರನೆಯದೂ ಹೀಗಾದರೆ ಪಾಠ ಹೇಳುವ ಆಸೆಯನ್ನೇ ಬಿಡುತ್ತೇನೆ ಎಂದು ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಸಿಕ್ಕಿಸಿದ್ದಳು.

"ಹತ್ತೂ ನಲವತ್ತಕ್ಕೆ ಮಾಡ್ತೀನಿ. ಎತ್ತುತೀಯಲ್ಲ?"

"ಯಾವಾಗ ಎತ್ತಿಲ್ಲ ನಾನು?"

ಫೋನಿನ ವ್ಯವಸ್ಥೆ ನನ್ನ ತಮ್ಮನ ಪಾಲಿಗೆ ಬಂತು. ಮನೆಯಲ್ಲಿ ಅವನನ್ನು ಇಂಜಿನಿಯರ್ ಎಂದೇ ಕರೆಯುತ್ತೇವೆ. ಅವನು ಫ್ಯಾನು ಬಿಚ್ಚಿ ಜೋಡಿಸಿದರೆ ಒಂದಾದರೂ ಸ್ಕ್ರೂ ಉಳಿಯುತ್ತದೆ, ಫ್ಯಾನು ಮಾತ್ರ ತಿರುಗುತ್ತದೆ.

"ಅಕ್ಕ, ನಿನ್ನ ನಂಬರ್ ಅಲ್ಲಿ ನಡೆಯಲ್ಲ, ಆಫ್ ಇರ್ಲಿ. ಇ-ಸಿಮ್ ಹಾಕ್ತೀನಿ. ಬರೀ ಡೇಟಾ. ಇವಳ ಫೋನು ಆ್ಯಪಲ್ಲೇ ಬರುತ್ತೆ."

"ಎಲ್ಲಿ, ಸಿಮ್ ತೋರಿಸು."

"ತೋರ್ಸೋಕೆ ಏನೂ ಇಲ್ಲ. ಫೋನಿನ ಒಳಗೇ ಇರುತ್ತೆ."

"ಇಲ್ಲದೇ ಇರೋದನ್ನ ಹಾಕ್ತೀಯಾ? ನೀನೇನು ಮಾಟಗಾರನಾ?"

"ಸೂಜಿ ಕಣ್ಣು ಈಗ ನಿಂಗೆ ಕಾಣುತ್ತಾ? ಅಂದಾಜಲ್ಲಿ ದಾರ ತೂರಿಸ್ತೀಯಲ್ಲ, ಹಾಗೇ ಇದೂನೂ."

ಮಗಳು ನಗುತ್ತ, "ಮಾವ, ಅಮ್ಮ ಏನಾದ್ರೂ ಒತ್ತಿಬಿಟ್ರೆ?" ಎಂದಳು.

"ಒತ್ತಬಾರದು. ಅಲ್ಲಿ ಇಳಿದ ಮೇಲೆ ಇದೊಂದನ್ನ ಆನ್ ಮಾಡು ಅಕ್ಕ. ಬೇರೆ ಯಾವುದಕ್ಕೂ ಕೈ ಹಚ್ಚಬೇಡ."

ಯಾಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಪ್ಪು ಚುಕ್ಕೆಗಳ ಚೌಕವಿದ್ದ ಒಂದು ಹಾಳೆಯನ್ನು ಫೋನಿಗೆ ತೋರಿಸಿದ, ಸಿಮ್ ಬಂತು ಎಂದ. ಆ ಹಾಳೆಯನ್ನು ಮಡಿಚಿ ನನ್ನ ಅಳತೆ ಪುಸ್ತಕದಲ್ಲಿಟ್ಟುಕೊಂಡೆ.

ಮೊದಲ ದಿನ ಎಲ್ಲ ಸರಿಯಿತ್ತು. ಇಳಿದೆ, ಆನ್ ಮಾಡಿದೆ. ಎಲ್ಲಿ ಬಸ್ಸು ಹತ್ತಬೇಕು, ಎಷ್ಟನೆಯ ನಿಲ್ದಾಣದಲ್ಲಿ ಇಳಿಯಬೇಕು ಎಂದೆಲ್ಲ ಫೋನೇ ಹೇಳಿತು. ನಾಲ್ಕು ಪಥದ ರಸ್ತೆ ದಾಟುವಾಗ ಅದು "ನೇರವಾಗಿ ಹೋಗಿ" ಎನ್ನುತ್ತಲೇ ಇತ್ತು. ಲಾರಿ ಬರುತ್ತಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಕೋಟು ತೊಡಿಸಿ ನೋಡಲು ಕೊಟ್ಟಿದ್ದು ನೆಲಮಾಳಿಗೆಯ ಒಂದು ಕೋಣೆ. ಉದ್ದ ಬೆಂಚು, ಕಬ್ಬಿಣದ ಕಪಾಟುಗಳು, ಟ್ಯೂಬ್‌ಲೈಟು. ಎರಡನೆಯ ದಿನ ಹತ್ತು ಗಂಟೆಗೆ ಒಬ್ಬ ದಪ್ಪನೆಯ ಕಾವಲುಗಾರ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ.

"ಉಸಿರು ಬಿಡಿ. ದಿನಾ ಹೀಗೇ ನಿಂತಿರ್ತೀರಾ?"

"ಬಿಟ್ರೆ ಗುಂಡಿ ಹಾರಿ ನಿಮ್ಮ ಕಣ್ಣಿಗೆ ಬಡೀತದೆ ಮೇಡಂ."

ನಕ್ಕು, ಎರಡು ಬೆರಳು ಬಿಟ್ಟು ಗುರುತು ಹಾಕಿದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಫೋನ್ ನೋಡಿದರೆ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ನೆಲಮಾಳಿಗೆಯಲ್ಲವೇ ಎಂದು ಮೆಟ್ಟಿಲು ಹತ್ತಿ ರಸ್ತೆಗೆ ಬಂದೆ. ಅಲ್ಲೂ ಬರಲಿಲ್ಲ. ಐದು ನಿಮಿಷ ಕಾದೆ.

ನನ್ನ ಕಸುಬಿನಲ್ಲಿ ಸರಿಹೋಗದ ಹೊಲಿಗೆಯನ್ನು ನೋಡುತ್ತ ಕೂರುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯುತ್ತೇವೆ. ಬಾಬಿನ್ನಿನ ದಾರ ಸಿಕ್ಕಾದರೆ ತೆಗೆದು ಮತ್ತೆ ಹಾಕುತ್ತೇವೆ. ಮೂವತ್ತು ವರ್ಷದಿಂದ ನನ್ನ ಕೈಗೆ ಗೊತ್ತಿರುವುದು ಅದೇ. ಸೆಟ್ಟಿಂಗ್ಸಿಗೆ ಹೋದೆ, ಇ-ಸಿಮ್ ಸಿಕ್ಕಿತು, ಅದರ ಕೆಳಗೆ ಅಳಿಸು ಎಂದು ಕೆಂಪಕ್ಷರದಲ್ಲಿತ್ತು. ಖಚಿತವೇ ಎಂದು ಫೋನ್ ಕೇಳಿತು. ಹೌದೆಂದು ಒತ್ತಿದೆ. ಹಾಳೆ ಹೇಗೂ ಪುಸ್ತಕದಲ್ಲಿತ್ತು.

ಹಾಳೆಯನ್ನು ಫೋನಿಗೆ ತೋರಿಸಿದೆ. ಸಿಮ್ ಹಾಕಲು ಇಂಟರ್ನೆಟ್ ಬೇಕು ಎಂದಿತು. ಇಂಟರ್ನೆಟ್ ಬೇಕೆಂದೇ ಸಿಮ್ ಹಾಕುತ್ತಿದ್ದದ್ದು.

ಕೆಳಗೆ ಓಡಿದೆ. "ಇಲ್ಲಿ ವೈಫೈ ಇದೆಯಾ?"

"ಇದೆ, ಸಾಹೇಬರಿಗೆ," ಎಂದ ದಪ್ಪನೆಯವನು. "ನಾವು ಕಾಯೋ ಕಲ್ಲಿನ ಗೊಂಬೆಗೂ ಇಲ್ಲ, ನಮಗೂ ಇಲ್ಲ."

"ನಿಮ್ಮ ಫೋನಿಂದ ಒಂದು ಚೂರು..."

"ಡ್ಯೂಟಿ ಮುಗಿಯೋವರೆಗೆ ನಮ್ಮ ಫೋನೆಲ್ಲ ಮೇಲೆ ಬೀಗದಲ್ಲಿ, ಮೇಡಂ. ರಸ್ತೆ ಆಚೆ ಅಂಗಡಿಗಳಿವೆ, ಕೇಳಿ ನೋಡಿ."

ಕಾಫಿ ಅಂಗಡಿಯ ವೈಫೈ ನನ್ನ ನಂಬರಿಗೆ ಓಟಿಪಿ ಕಳಿಸುತ್ತೇನೆ ಎಂದಿತು. ಆ ನಂಬರು ಆಫ್ ಆಗಿತ್ತು, ಆನ್ ಮಾಡಿದರೂ ಅಲ್ಲಿ ಜೀವ ಬರಲಿಲ್ಲ. ಹತ್ತೂವರೆ. ಅದರ ಪಕ್ಕದಲ್ಲಿ, ಮಹಡಿಗೆ ಹೋಗುವ ಮೆಟ್ಟಿಲ ಅಡಿಯಲ್ಲಿ, ಒಂದು ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ನನಗಿಂತ ಹತ್ತು ವರ್ಷ ಚಿಕ್ಕವಳೊಬ್ಬಳು ಜಾಕೆಟ್ಟಿಗೆ ಜಿಪ್ ಹಾಕುತ್ತಿದ್ದಳು. ನನ್ನ ಕೊರಳಲ್ಲಿದ್ದ ಟೇಪು ನೋಡಿ ಪೆಡಲಿನಿಂದ ಕಾಲು ತೆಗೆದಳು.

"ಬನ್ನಿ ಅಕ್ಕ. ಸೂಜಿ ಮುರೀತಾ?"

"ಸೂಜಿಯಾಗಿದ್ರೆ ಚೆನ್ನಾಗಿತ್ತು," ಎಂದು, ನಡೆದದ್ದೆಲ್ಲವನ್ನೂ ನಿಂತ ನಿಲುವಿನಲ್ಲೇ ಹೇಳಿದೆ.

ಅವಳು ತನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ತುಂಡಿನ ಮೇಲೆ ಬರೆದುಕೊಟ್ಟಳು. ಮತ್ತೆ ಹಾಳೆ ತೋರಿಸಿದೆ. ಈ ಕೋಡ್ ಆಗಲೇ ಬಳಕೆಯಾಗಿದೆ ಎಂದು ಬಂತು. ಮತ್ತೊಮ್ಮೆ ತೋರಿಸಿದೆ. ಅದೇ.

"ಅಳಿಸಿಬಿಟ್ರಾ?" ಎಂದಳು. "ಅಯ್ಯೋ, ಅದು ಒಂದೇ ಸಲದ್ದು ಅಕ್ಕ. ಕತ್ತರಿ ಹಾಕಿದ ಬಟ್ಟೆ ಅಂದ್ಕೊಳ್ಳಿ. ಹೋಗ್ಲಿ, ಇಲ್ಲೇ ಕೂತು ಮಾತಾಡಿ, ನನ್ನ ನೆಟ್ ಇದೆಯಲ್ಲ."

ಸ್ಟೂಲ್ ಎಳೆದುಕೊಟ್ಟಳು. ಅವಳ ಫೋನ್ ಇಸ್ತ್ರಿಪೆಟ್ಟಿಗೆಗೆ ಒರಗಿ ನಿಂತಿತ್ತು. ನಾನು ಸುಮ್ಮನೆ ಕೂರಲಾರದೆ ಜಿಪ್ಪಿನ ಕಚ್ಚಾ ಹೊಲಿಗೆಯ ದಾರ ಕೀಳತೊಡಗಿದೆ.

ಹತ್ತೂ ನಲವತ್ತಕ್ಕೆ ಸರಿಯಾಗಿ ಮಗಳ ಫೋನ್ ಬಂತು. ಎತ್ತಿದೆ.

ಅವಳ ಉಸಿರು. ಹಿಂದೆ ಎಲ್ಲೋ ಗಂಟೆಯ ಸದ್ದು, ಮಕ್ಕಳ ಕಾಲಸಪ್ಪಳ. ನಾನು ಏನೂ ಹೇಳಲಿಲ್ಲ. ಹೇಳಿದರೆ ಅವಳು ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಒಂದು ನಿಮಿಷವಾಯಿತು. "ಅ..." ಎಂದು ಬಂದು ನಿಂತಿತು. ಅಂಗಡಿಯವಳು ಪೆಡಲ್ ತುಳಿಯದೆ ಕೂತಿದ್ದಳು.

ಆಗ ಇಸ್ತ್ರಿಪೆಟ್ಟಿಗೆಗೆ ಒರಗಿದ್ದ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಮುಂದಿನ ಹಲ್ಲಿಲ್ಲದ ಒಂದು ಹುಡುಗಿಯ ಮುಖ.

"ನನ್ನ ಮಗಳು," ಎಂದಳು. "ಶಾಲೆಯಿಂದ. ಎತ್ತಿದ್ರೆ ಇದರಲ್ಲಿ ನೆಟ್ ನಿಂತುಹೋಗುತ್ತೆ."

ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಎರಡು ಸಲ ರಿಂಗಾಯಿತು. ಮೂರನೆಯದಕ್ಕೆ ಎತ್ತಿದಳು. ನಾನಾಗಿದ್ದರೂ ಎತ್ತುತ್ತಿದ್ದೆ.

"ಏನು ಪುಟ್ಟಾ? ಅಳಬೇಡ, ನಿಧಾನಕ್ಕೆ ಹೇಳು."

ನನ್ನ ಕಿವಿಯಲ್ಲಿ ಎರಡು ಸಲ ಟುಂಯ್ ಎಂದು, ಮಗಳ ಉಸಿರಿನ ಸದ್ದು ನಿಂತುಹೋಯಿತು. ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದೆ. ಹುಡುಗಿ ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಿದ್ದಳು. ಅವಳ ತಾಯಿ ನಾಲ್ಕು ನಿಮಿಷ ಮಾತಾಡಿದಳು.

ನೆಟ್ ಬಂದಾಗ ಒಂದು ಸಂದೇಶ ಇತ್ತು: ಅಮ್ಮ ಕಟ್ ಆಯ್ತು. ಬೇಗ ಕರೀತಿದಾರೆ. ಹೋಗ್ತೀನಿ. ನಾನು ತಿರುಗಿ ಮಾಡಿದರೆ ಅವಳ ಫೋನ್ ಆಫ್ ಆಗಿತ್ತು.

"ತಪ್ಪಾಯ್ತು ಅಕ್ಕ," ಎಂದಳು ಅಂಗಡಿಯವಳು.

"ಸಿಮ್ ಅಳಿಸಿದ್ದು ನಾನು," ಎಂದು ನೆಲಮಾಳಿಗೆಗೆ ಇಳಿದೆ. ಮಧ್ಯಾಹ್ನದವರೆಗೆ ಒಂಬತ್ತು ಕೋಟುಗಳಿಗೆ ಗುರುತು ಹಾಕಿದೆ, ಎರಡಕ್ಕೆ ತಪ್ಪಾಗಿ. ಅವನ್ನು ಒರೆಸಿ ಮತ್ತೆ ಹಾಕಿದೆ.

ಊಟದ ಹೊತ್ತಿಗೆ ಮೆಟ್ಟಿಲ ಅಡಿಯ ಅಂಗಡಿಗೆ ಹೋಗಿ ಮಗಳಿಗೆ ಫೋನ್ ಮಾಡಿದೆ. ಅರ್ಧ ನಿಮಿಷ ಕಾದ ಮೇಲೆ ಮಾತು ಬಂತು.

"ಒಳಗೆ ಹೋದೆ. ಮಾತು ಬರ್ಲಿಲ್ಲ. ಬೋರ್ಡ್ ಇತ್ತು. ಬರೆದೆ. ನನಗೆ ಉಗ್ಗು, ಮೊದಲ ಮಾತಿಗೆ ಸ್ವಲ್ಪ ಕಾಯಬೇಕು ಅಂತ."

"ಕಾದ್ರಾ?"

"ಕಾದ್ರು. ಒಬ್ರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡ್ತಿದ್ರು. ಆಮೇಲೆ ಭಿನ್ನರಾಶಿ ಪಾಠ ಮಾಡ್ದೆ." ಹಾಗೇ ಕೇಳಿದಳು, "ನೀನು ಯಾಕಮ್ಮ ಕಟ್ ಮಾಡ್ದೆ?"

ಹೇಳಿದೆ. ಅವಳ ಹಿಂದಿನಿಂದ ತಮ್ಮನ ದನಿ: "ಸಿಮ್ ಬಿಚ್ಚಿದ್ಲಾ? ಏರೋಪ್ಲೇನ್ ಗುರುತು ಒಂದ್ಸಲ ಒತ್ತಿ ಬಿಟ್ಟಿದ್ರೆ ಬರ್ತಿತ್ತು ಮಾರಾಯ್ತಿ! ಕೈ ಹಚ್ಚಬೇಡ ಅಂದಿದ್ನಲ್ಲ?"

"ಯಾಕೆ ಅಂತ ಹೇಳಿದ್ಯೇನೋ ನೀನು?"

ಮಗಳು ಕಟ್ ಮಾಡುವವರೆಗೆ ಕಾದು ಫೋನ್ ಇಟ್ಟೆ.

ಹನ್ನೆರಡು ದಿನದ ಮೇಲೆ ಆ ಶಾಲೆಯಿಂದ ಕಾಗದ ಬಂತು, ಅವಳಿಗೆ ಕೆಲಸವಾಯಿತು. ಕನ್ನಡಿಯಲ್ಲಿದ್ದ ಚೀಟಿಯನ್ನು ಅವಳೇ ತೆಗೆದಳು. ಕೋಟುಗಳನ್ನೂ ಹೊಲಿದು ಕಳಿಸಿದ್ದೇನೆ.

ಅವತ್ತು ಫೋನ್ ಎತ್ತಿದೆ. ಅವಳು ಮಾತಾಡುವ ಮೊದಲು ಕಟ್ ಆದದ್ದು ನನ್ನ ಕಡೆಯಿಂದ. ಹದಿನೈದು ವರ್ಷ ನಡೆಸಿದ ಮಾತನ್ನು ಮುರಿದೆ.