ಕಾಲರಿಗೆ ಸಿಕ್ಕಿಸುವ ಬಿಲ್ಲೆ

ಕೋಡಿಬಾಗದ ದೋಣಿ ಶೆಡ್ಡಿನಲ್ಲಿ ಆ ಸೋಮವಾರ ಬೆಳಿಗ್ಗೆ, ಎಲ್ಲ ಕೆಲಸ ನಿಲ್ಲಿಸಿ ತೀರ್ಮಾನಿಸಲೇಬೇಕಾದ ಗಹನ ಪ್ರಶ್ನೆಯೊಂದು ಎದ್ದಿತು: ಸೀರೆಗೆ ಕಾಲರ್ ಎಲ್ಲಿರುತ್ತದೆ?

ಎತ್ತಿದವನು ಮಾಲಕ ರೂಪೇಶ. ಫೈಬರ್ ದೋಣಿಗೆ ಬಳಿಯುವ ರೆಸಿನ್ ಅಂಟಿನ ಆವಿ ಅಳೆಯಲು ಪ್ರಯೋಗಾಲಯದ ಗುರುಪ್ರಸಾದ ಬಂದಿದ್ದ. ಅವನ ಬಳಿ ಎರಡು ದಾರಿ. ಒಂದು ಗಾಜಿನ ನಳಿಗೆ; ಕೈಪಂಪಿನಿಂದ ಗಾಳಿ ಎಳೆದರೆ ಐದೇ ನಿಮಿಷದಲ್ಲಿ ಒಳಗಿನ ಪುಡಿ ಬಣ್ಣ ತಿರುಗಿ ಅಂಕಿ ಹೇಳುತ್ತದೆ. ಇನ್ನೊಂದು ಪುಟ್ಟ ಬಿಲ್ಲೆ; ಕೆಲಸಗಾರರ ಕಾಲರಿಗೆ ಸಿಕ್ಕಿಸಿದರೆ ದಿನವಿಡೀ ಆವಿ ಹೀರುತ್ತದೆ. ಎರಡನ್ನೂ ಮಾಡಿ ತಾಳೆ ನೋಡಿ ಎಂದು ಕಾರ್ಖಾನೆ ಇಲಾಖೆಯ ಆದೇಶ. ಅದು ಬಂದದ್ದು ರೆಸಿನ್ ಬಳಿಯಲು ಬಾಳೆಗುಳಿಯಿಂದ ಬಸ್ಸು ಹಿಡಿದು ಬರುವ ಯಶೋದಾಳ ಅರ್ಜಿಯಿಂದ. ಹಿಂದಿನ ತಿಂಗಳು ಜೊತೆಯ ದುರ್ಗಿ ದೋಣಿಯ ಅಚ್ಚಿನೊಳಗೇ ತಲೆತಿರುಗಿ ಬಿದ್ದಿದ್ದಳು. ಯಶೋದಾಗೆ ಆವಿ ಹೊರದೂಡುವ ಫ್ಯಾನು ಬೇಕಿತ್ತು. ಕೆಲಸ ಬಿಡುವ ಯೋಚನೆ ಅವಳಿಗಿರಲಿಲ್ಲ.

ನಳಿಗೆಯನ್ನು ರೂಪೇಶ ಅತ್ಯಾದರದಿಂದ ಬಾಗಿಲಿಗೆ ಕರೆದೊಯ್ದ. ಅಲ್ಲಿ ಕಾಳಿ ನದಿಯ ಗಾಳಿಗೆ ನಿಂತವರ ಅಂಗಿಗಳು ಪಟಪಟ ಹಾರುತ್ತಿದ್ದವು. ಅಂಕಿ ಹನ್ನೆರಡು ಬಂತು. ಮಿತಿ ಐವತ್ತು.

“ಮುಗೀತಲ್ಲ ಸರ್! ಬಿಲ್ಲೆ ನಮ್ಮ ಗಣೇಶಂಗೆ ಹಾಕಿ. ಅವಂಗೆ ಕಾಲರ್ ಅದೆ.”

ಗಣೇಶ ಬಾಗಿಲಲ್ಲೇ ಕುರ್ಚಿ ಹಾಕಿ ಹಾಜರಿ ಬರೆಯುವವನು.

“ಅವ್ರಿಗೆ ಕಾಲರ್ ಅದೆ ಶೇಟ್ರೆ, ನಂಗೆ ಮೂಗದೆ,” ಅಚ್ಚಿನೊಳಗಿಂದ ಯಶೋದಾ ಹೇಳಿದಳು.

“ಕಾಗ್ದದಲ್ಲಿ ಕಾಲರ್ ಅಂತ ಬರ್ದದೆ ಬಾಯಿ. ನಾ ಎಂತ ಮಾಡ್ಲಿ?”

ಯಶೋದಾ ಹೊರಬಂದು ಗೂಟದಿಂದ ಗಂಡನ ಹಳೇ ಅಂಗಿ ತೆಗೆದಳು. ಅಂಕೋಲೆ ಕಡೆಯ ಹೆಂಗಸರು ಗದ್ದೆಗಿಳಿಯುವಾಗ ಸೀರೆ ಮೇಲೆ ತೊಡುವಂಥದು. ಶೆಡ್ಡಿನ ಸೆಕೆಗೆ ಕಳಚಿಟ್ಟಿದ್ದಳು. ತೊಟ್ಟು, ಕುತ್ತಿಗೆಯ ಗುಂಡಿ ಹಾಕಿ, ಗದ್ದ ಎತ್ತಿ ನಿಂತಳು.

“ಸಿಕ್ಸಿ ಸರ್.”

ಗುರುಪ್ರಸಾದ ಸಿಕ್ಕಿಸಿದ.

“ಅಗೋ, ಪೊಲೀಸಮ್ಮ!” ದುರ್ಗಿ ನಕ್ಕಳು.

ಮಧ್ಯಾಹ್ನ ಗಣೇಶನಿಗೆ ಇದ್ದಕ್ಕಿದ್ದಂತೆ ಕರುಣೆ ಬಂತು. “ಬೆವ್ರು ನೋಡು ಮಾರಾಯ್ತಿ. ಬಿಲ್ಲೆ ಬಿಚ್ಚಿ ಕೊಡು, ನಾ ಜೋಪಾನ ಇಟ್ಕಂತೆ.”

“ಬ್ಯಾಡ ಗಣೇಶಣ್ಣ. ನಿಮ್ಮ ಕುರ್ಚಿ ಗಾಳಿ ಅದ್ಕೆ ಆಗೂದಿಲ್ಲ.”

ಸಂಜೆ ಐದಕ್ಕೆ ಗುರುಪ್ರಸಾದನೇ ಬಿಚ್ಚಿದ. ಹದಿನೈದು ದಿನಕ್ಕೆ ವರದಿ ಬಂತು: ಬಾಗಿಲಲ್ಲಿ ಹನ್ನೆರಡು, ಯಶೋದಾಳ ಕಾಲರಿನಲ್ಲಿ ತೊಂಬತ್ತಾರು. ರೂಪೇಶ ಎರಡನ್ನೂ ಕೂಡಿಸಿ ಅರ್ಧ ಮಾಡಿದ. “ಐವತ್ನಾಲ್ಕು. ನಾಕೇ ಹೆಚ್ಚು!”

“ಹಂಗಾರೆ ಅರ್ಧ ದಿನ ನೀವು ಒಳಗೆ ರೆಸಿನ್ ಬಳೀರಿ ಶೇಟ್ರೆ. ಅರ್ಧ ದಿನ ನಾ ಬಾಗ್ಲಲ್ಲಿ ಕೂತ್ಕಂತೆ.”

ಆ ಗುರುವಾರ ಶೆಡ್ಡಿನ ಹಿಂಗೋಡೆಗೆ ಎರಡು ಫ್ಯಾನು ಕೂರಿಸಿದರು.