ಮೂರನೇ ಮಿನುಗಿಗೆ ಬಿಡು

ಹನ್ನೊಂದೂಕಾಲಿಗೆ ಆಸ್ಪತ್ರೆಯ ಹಿಂಬದಿಯ ಯಂತ್ರದ ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ವಾರ್ಡುಗಳಿಗೆ ಕಳಿಸುವ ಘಟಕ ಅದು. ಅದರ ಕವಾಟಗಳನ್ನು ತೆರೆದು ಮುಚ್ಚಿಸುವುದು ಗೋಡೆಯ ಪೆಟ್ಟಿಗೆಯಲ್ಲಿದ್ದ ಅಂಗೈಯಗಲದ ಬೋರ್ಡು. ಅದಕ್ಕೆ ಹೊಸ ಪ್ರೋಗ್ರಾಂ ಹಾಕಿ ತಂತ್ರಜ್ಞೆ ಆಗಷ್ಟೇ ಕೈ ಒರೆಸಿಕೊಂಡಿದ್ದಳು.

ಬೋರ್ಡಿನ ಕೆಂಪು ದೀಪ ಹತ್ತಿತು, ಹಳದಿ ಮಿನುಗಿತು, ಹಸಿರು ಬಂತು, ಮೂರೂ ಆರಿದವು. ಮತ್ತೆ ಕೆಂಪು, ಮತ್ತೆ ಹಳದಿ. ಹನ್ನೊಂದು ಸೆಕೆಂಡಿಗೊಮ್ಮೆ ಬೋರ್ಡು ಎದ್ದು, ಹೊಸ ಪ್ರೋಗ್ರಾಂ ಶುರು ಮಾಡಿ, ಅದರಲ್ಲೇ ಮುಗ್ಗರಿಸಿ ಬೀಳುತ್ತಿತ್ತು.

"ತುರ್ತು ಸಿಲಿಂಡರ್ ಸಾಲಿಗೆ ತಿರುಗಿಸಿದೀನಿ ಮೇಡಂ," ಎಂದ ಆಪರೇಟರ್. ಮೀಟರಿನ ಮುಂದೆ ಬಗ್ಗಿದವನ ಮುಖ ಬಿಳಿಚಿಕೊಂಡಿತು. "ಅರ್ಧದಷ್ಟೂ ಇಲ್ಲ ಇದ್ರಲ್ಲಿ."

"ತುಂಬಿದೆ ಅಂದ್ರಲ್ಲಾ ಬೆಳಿಗ್ಗೆ!"

"ನಿನ್ನೆ ಪಾಳಿಯವ್ರು ಹಾಗಂತ ಬರೆದಿದ್ರು."

ಎದ್ದು ಹೋಗಿ ಕಣ್ಣಾರೆ ನೋಡಲು ಹತ್ತು ಹೆಜ್ಜೆ ಸಾಕಿತ್ತು. ಅವಳು ನೋಡಿರಲಿಲ್ಲ.

"ಎಷ್ಟು ಹೊತ್ತು ಬರುತ್ತೆ?"

"ನಲವತ್ತು ನಿಮಿಷ. ಹೊಸ ಸಿಲಿಂಡರ್ ಲಾರಿ ಬರೋಕೆ ಎರಡು ಗಂಟೆ ಬೇಕು."

ಮೇಲಿನ ಮಹಡಿಯಲ್ಲಿ ದಿನ ತುಂಬದ ಏಳು ಮಕ್ಕಳಿದ್ದವು. ಅವಳು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಕೀಲಿಗಳನ್ನು ಕುಟ್ಟತೊಡಗಿದಳು. ಬೋರ್ಡು ಎದ್ದ ಕೂಡಲೇ ಒಂದು ಕೀಲಿ ಒತ್ತಿದರೆ ಅದು ಪ್ರೋಗ್ರಾಮಿಗೆ ಹೋಗದೆ ಬಾಗಿಲಲ್ಲೇ ನಿಂತು "ಏನು ಮಾಡಲಿ?" ಎಂದು ಕೇಳಬೇಕು. ಆದರೆ ಪರದೆಯ ಮೇಲೆ ಅದೇ ನಾಲ್ಕು ಸಾಲು ಬಂದು ಬಂದು ಹೋದವೇ ಹೊರತು ಬೋರ್ಡು ನಿಲ್ಲಲಿಲ್ಲ.

ಏಕೆಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಸಡಿಲ ಕೇಬಲ್ಲಿನಲ್ಲಿ ಎದ್ದ ಅಡ್ಡ ಸಂಕೇತವನ್ನೇ ಕೀಲಿ ಒತ್ತಿದ್ದೆಂದು ತಿಳಿದು ಬೋರ್ಡು ಅರ್ಧ ಗಂಟೆ ಸುಮ್ಮನೆ ನಿಂತುಬಿಟ್ಟಿತ್ತು. ಆಗ ಇವಳೇ, ಬೋರ್ಡು ಎದ್ದಾಗ ಕೀಲಿಗಾಗಿ ಕಾಯುವ ಸಮಯವನ್ನು ಸೊನ್ನೆ ಮಾಡಿದ್ದಳು. ಬೇಡವೆಂದು ಹಟ ಹಿಡಿದವರು ಅವಳ ಸೋದರಮಾವ. ಆ ಬೋರ್ಡನ್ನು ಎಬ್ಬಿಸುವ ಮೊದಲ ಪುಟ್ಟ ಪ್ರೋಗ್ರಾಂ ಬರೆದವರು, ಇವಳ ಕೈಗೆ ಮೊದಲ ಬೆಸುಗೆ ಕಡ್ಡಿ ಕೊಟ್ಟವರು. ಎಲ್ಲರೆದುರು ಅವಳು ಅಂದಿದ್ದಳು: "ನಿಮ್ಮ ಕಾಲ ಮುಗೀತು ಮಾವ." ಮರುತಿಂಗಳು ಅವರು ಕೆಲಸ ಬಿಟ್ಟರು. ಎರಡು ವರ್ಷದಿಂದ ಮಾತಿಲ್ಲ.

ಅವಳು ಮಾವನ ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಎತ್ತಿದ್ದು ಅತ್ತೆ. "ಯಾರು? ಓಹೋ, ಈಗ ನೆನಪಾದ್ವಾ!"

"ಅತ್ತೆ, ಬೈಯೋದು ಆಮೇಲೆ ಬೈಯಿರಿ. ಮಾವನ್ನ ಕರೀರಿ. ಮಕ್ಕಳ ಉಸಿರಿನ ವಿಷಯ."

ಅತ್ತೆಯ ದನಿ ಬದಲಾಯಿತು. "ಅವರಿಗೆ ಕಿವಿ ಪೂರ್ತಿ ಮಂದ ಆಗಿದೆ ಕಣೆ. ನೀನು ಹೇಳು, ನಾನು ಕೂಗ್ತೀನಿ."

ಇವಳು ಹೇಳಿದಳು, ಅತ್ತೆ ಕೂಗಿದರು. ಆ ಕಡೆಯಿಂದ ಕೆಮ್ಮು, ಕುರ್ಚಿ ಎಳೆದ ಸದ್ದು, ಆಮೇಲೆ ಮಾವನ ದನಿಯೇ ಬಂತು.

"ಪೆಟ್ಟಿಗೆ ಮೇಲಿರೋ 'ಮೇಲೆ' ಗುಂಡಿ, 'ರದ್ದು' ಗುಂಡಿ, ಎರಡನ್ನೂ ಒತ್ತಿ ಹಿಡ್ಕೊಂಡೇ ಕರೆಂಟ್ ಕೊಡು. ಹಳದಿ ದೀಪ ಮೂರನೇ ಸಲ ಮಿನುಗಿದಾಗ 'ರದ್ದು' ಬಿಡು. 'ಮೇಲೆ' ಬಿಡಬೇಡ. ಎರಡೂ ಬಿಟ್ರೆ ಯಾರೋ ಮೈ ತಾಗಿಸಿದ್ರು ಅಂದ್ಕೊಳ್ಳುತ್ತೆ. ನೀನು ಸೊನ್ನೆ ಮಾಡಿದ ಜಾಗಕ್ಕೆ ಹೋಗೋ ಮುಂಚೆಯೇ ಬೋರ್ಡು ಈ ಗುಂಡಿಗಳನ್ನ ನೋಡುತ್ತೆ."

"ಇದನ್ನ ಯಾಕೆ ನನಗೆ ಹೇಳ್ಲಿಲ್ಲ?" ಎಂಬ ಮಾತು ಅವಳ ಬಾಯಿಂದ ಜಾರಿತು. ಅತ್ತೆ ಅದನ್ನೂ ಕೂಗಿಬಿಟ್ಟರು.

"ಮಾತಾಡಿಸಿದ್ರೆ ತಾನೇ ಹೇಳೋದು," ಎಂದರು ಮಾವ.

ಅಷ್ಟರಲ್ಲಿ ಮಕ್ಕಳ ವಾರ್ಡಿನ ಸಿಸ್ಟರ್ ಮೆಟ್ಟಿಲಿಳಿದು ಓಡಿ ಬಂದಳು. "ಒತ್ತಡ ಇಳೀತಿದೆ. ಇಬ್ಬರು ಮಕ್ಕಳಿಗೆ ಕೈಯಲ್ಲೇ ಉಸಿರಿನ ಬಲೂನು ಒತ್ತೋಕೆ ಶುರು ಮಾಡಿದೀವಿ. ಇನ್ನೆಷ್ಟು ಹೊತ್ತು?"

"ಆ ಸ್ವಿಚ್ ಹತ್ರ ನಿಲ್ಲಿ ಸಿಸ್ಟರ್. ನಾನು ಹೇಳಿದಾಗ ಆಫ್, ಹೇಳಿದಾಗ ಆನ್."

ಮೊದಲ ಸಲ ದೀಪಗಳು ಎಂದಿನಂತೆ ಓಡಿಹೋದವು. "ಆಫ್ ಮಾಡಿ ಹತ್ತು ಎಣಿಸಿದ್ಯಾ?" ಎಂದು, ಅತ್ತೆ ಕೂಗಿ ತಿಳಿಸಿದ್ದೇ, ಮಾವ ಫೋನಿನಲ್ಲಿ ಗದರಿದರು. "ಒಳಗೆ ಉಳಿದಿರೋ ಕರೆಂಟ್ ಇಳೀಬೇಕು."

ಎರಡನೇ ಸಲ ಹತ್ತು ಎಣಿಸಿದರು. ಆಗಲೂ ಹಾಗೆಯೇ. ಅವಳು 'ರದ್ದು' ಗುಂಡಿಯನ್ನು ಹೆಬ್ಬೆರಳಿಂದ ಅದುಮಿ ನೋಡಿದಳು. ರಬ್ಬರು ಸವೆದು ಕೆಳಗೆ ಇಳಿಯುತ್ತಿತ್ತಷ್ಟೆ, ಟಿಕ್ ಎನ್ನುತ್ತಿರಲಿಲ್ಲ. ಗುಂಡಿ ಸತ್ತುಹೋಗಿತ್ತು.

ಆಪರೇಟರ್ ಮೀಟರ್ ಓದಿದ. "ಹದಿನಾಲ್ಕು ನಿಮಿಷ, ಮೇಡಂ."

ಅವಳು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಹೊರಕ್ಕೆ ಮಗುಚಿದಳು. ಗುಂಡಿಯ ಬೆನ್ನಿಗೆ ಸಾಸಿವೆಯಷ್ಟು ಚಿಕ್ಕ ಎರಡು ಬೆಸುಗೆ ಚುಕ್ಕೆಗಳಿದ್ದವು. ಅವೆರಡನ್ನೂ ಸ್ಕ್ರೂಡ್ರೈವರಿನ ತುದಿಯಿಂದ ಸೇರಿಸಿದರೆ ಗುಂಡಿ ಒತ್ತಿದಂತೆಯೇ. ಪಕ್ಕದ ಚುಕ್ಕೆಗೆ ತಾಗಿದರೆ ಬೋರ್ಡೇ ಸುಟ್ಟೀತು. ಅವಳು ಮಣಿಕಟ್ಟನ್ನು ಪೆಟ್ಟಿಗೆಯ ಅಂಚಿಗೆ ಒತ್ತಿ ಹಿಡಿದಳು.

"ನೀವು 'ಮೇಲೆ' ಒತ್ತಿ. ಸತ್ರೂ ಬಿಡಬೇಡಿ," ಎಂದಳು ಆಪರೇಟರಿಗೆ. "ಸಿಸ್ಟರ್, ಆಫ್."

ಅವಳು ಹತ್ತರವರೆಗೆ ಎಣಿಸಿದಳು.

"ಆನ್."

ಕೆಂಪು. ಹಳದಿ ಒಂದು. ಎರಡು. ಮೂರು. ಅವಳು ತುದಿಯನ್ನು ಹಿಂದಕ್ಕೆ ಎಳೆದಳು. ಹಳದಿ ನಾಲ್ಕನೇ ಸಲ ಮಿನುಗಿ ಹಾಗೆಯೇ ಉಳಿಯಿತು. ಪರದೆಯ ಮೇಲೆ ಐದನೆಯ ಸಾಲೊಂದು ಬಂತು: ಒಂದು ಒತ್ತಿದರೆ ಹಳೆಯ ಪ್ರೋಗ್ರಾಂ, ಎರಡು ಒತ್ತಿದರೆ ಹೊಸದು.

ಅವಳು ಒಂದು ಒತ್ತಿದಳು.

ಹಸಿರು ದೀಪ ಬಂತು. ಹನ್ನೊಂದು ಸೆಕೆಂಡು ಕಳೆಯಿತು, ಹನ್ನೆರಡೂ ಕಳೆಯಿತು. ಒಂದು ಕವಾಟ ಟಪ್ಪೆಂದಿತು, ಆಮೇಲೆ ಕಂಪ್ರೆಸರ್ ಗುಡುಗಿತು. ಮೀಟರಿನ ಮುಳ್ಳು ಮೇಲೇರುವುದನ್ನು ನೋಡಿದ್ದೇ ಸಿಸ್ಟರ್ ಮೆಟ್ಟಿಲ ಕಡೆ ಓಡಿದಳು. ಆಪರೇಟರ್ ಮಾತ್ರ ಗುಂಡಿಯನ್ನು ಇನ್ನೂ ಒತ್ತಿ ಹಿಡಿದೇ ಇದ್ದ.

"ಬಿಡಿ ಸಾಕು," ಎನ್ನುತ್ತ ಅವಳು ನೆಲದ ಮೇಲೆ ಕೂತಳು. ಫೋನಿನಲ್ಲಿ ಅತ್ತೆ ಕೂಗುತ್ತಿದ್ದರು: "ಏನಾಯ್ತೇ? ಬದುಕಿದ್ಯೇನೇ?"

"ಶುರುವಾಯ್ತು ಅತ್ತೆ. ಮಾವನಿಗೆ ಹೇಳಿ..." ಅವಳು ಫೋನನ್ನು ಬಾಯಿಯ ಹತ್ತಿರ ತಂದಳು. "ತಪ್ಪು ನಂದೇ ಅಂತ ಹೇಳಿ."

ಈ ಸಲ ಅತ್ತೆ ಕೂಗಲಿಲ್ಲ. ಮಾವನ ಕಿವಿಯ ಬಳಿಯೇ ಇರಬೇಕು, ಏನೋ ಮೆಲ್ಲಗೆ ಅಂದದ್ದಷ್ಟೇ ಕೇಳಿಸಿತು.

ಮಧ್ಯಾಹ್ನ ಅವಳು ಮುಖ್ಯ ವೈದ್ಯರ ಕೋಣೆಗೆ ಹೋಗಿ, ಸಿಲಿಂಡರ್ ನೋಡದೆ ಕೆಲಸಕ್ಕೆ ಕೈ ಹಾಕಿದ್ದನ್ನೂ ಸೊನ್ನೆ ಮಾಡಿದ್ದನ್ನೂ ಮುಚ್ಚಿಡದೆ ಹೇಳಿದಳು. ಏಳೂ ಮಕ್ಕಳು ಕ್ಷೇಮವಾಗಿದ್ದವು. ಆದರೂ ಇನ್ನು ಮೂರು ತಿಂಗಳು ಒಬ್ಬಳೇ ಯಾವ ಬೋರ್ಡಿಗೂ ಕೈ ಹಚ್ಚಕೂಡದು ಎಂದು ಲಿಖಿತ ಆದೇಶ ಬಂತು. ಜೊತೆಗೊಬ್ಬರು ಅನುಭವಸ್ಥರು ಬೇಕು.

ಸೋಮವಾರ ಮಾವ ಬಂದರು. ಸಿಕ್ಕ ಕೀಲಿಗೆಲ್ಲ ನಿಲ್ಲದೆ, ಗೊತ್ತುಪಡಿಸಿದ ನಾಲ್ಕಕ್ಷರ ಬಂದರೆ ಮಾತ್ರ ಬೋರ್ಡು ನಿಲ್ಲುವಂತೆ ಇಬ್ಬರೂ ಕೂತು ಬರೆದರು. ಆ ಅಕ್ಷರಗಳಿಗಾಗಿ ಬೋರ್ಡು ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಮತ್ತೆ ಜಗಳ ಹತ್ತಿತು. ಅವಳು ಎರಡು ಸೆಕೆಂಡು ಎಂದಳು, ಅವರು ನಾಲ್ಕು ಎಂದರು. ಸಂಜೆಯ ಹೊತ್ತಿಗೆ ಮೂರಕ್ಕೆ ಒಪ್ಪಂದವಾಯಿತು.